ತೊಗರಿಯ ಹೊಲವೂ ಬೆಳೆ ಸಮೀಕ್ಷೆಯ ಆ್ಯಪೂ

ಚಿತ್ತಾಪುರ ತಾಲೂಕಿನ ಗುಂಡಗುರ್ತಿಯು ತೊಗರಿಗೆ ಹೆಸರಾದ ಕಲಬುರಗಿ ಜಿಲ್ಲೆಯ ಗ್ರಾಮವು. ತೊಗರಿಯ ಸಾಲುಗಳ ನಡುವೆ ಹೆಸರನ್ನೋ ಉದ್ದನ್ನೋ ಬಿತ್ತುವದು ಈ ಸೀಮೆಯ ರೂಢಿಯು. ಹೊಲದಲ್ಲಿ ಎರಡು ಬೆಳೆಗಳಿದ್ದು ದಾಖಲೆಯಲ್ಲಿ ಒಂದೇ ಇದ್ದರೆ, ನಷ್ಟವು ರೈತನದೇ ಸರಿ.

ಪೂರ್ವದಲ್ಲಿ ಪಹಣಿಯ ಬೆಳೆಯ ಕಲಮನ್ನು ಗ್ರಾಮಲೆಕ್ಕಿಗರು ತುಂಬುತ್ತಿದ್ದರು. ಬೆಳೆಯನ್ನು ರೈತನೇ ದಾಖಲಿಸುವ ಅನುಕೂಲವು 2020ರ ಮುಂಗಾರಿನಲ್ಲಿ ಸರಕಾರವು ಹೊರತಂದ ಬೆಳೆ ಸಮೀಕ್ಷೆಯ ಆ್ಯಪಿನಿಂದ ದೊರೆಯಿತು. ರೈತನು ತನ್ನ ಸರ್ವೆ ನಂಬರಿನಲ್ಲಿ ನಿಂತು, ಬೆಳೆಯನ್ನೂ ಕ್ಷೇತ್ರವನ್ನೂ ನಮೂದಿಸಿ, ಛಾಯಾಚಿತ್ರ ತೆಗೆದು ಕಳುಹಿಸತಕ್ಕದ್ದು. ನಿಂತ ಸ್ಥಳವನ್ನು ಫೋನು ಉಪಗ್ರಹದ ಸಹಾಯದಿಂದ ಗುರುತಿಸುವದರಿಂದ, ಮನೆಯ ಕಟ್ಟೆಯ ಮೇಲೆ ಕುಳಿತು ಬರೆಯುವದಕ್ಕೆ ಎಡೆಯಿಲ್ಲ.

ಬೆಳೆವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆಹಾನಿಯ ಪರಿಹಾರ ಇವುಗಳಿಗೆ ಈ ದಾಖಲೆಯೇ ಆಧಾರವು. ವಿಮೆಯ ಅರ್ಜಿಯಲ್ಲಿ ತೊಗರಿಯಿದ್ದು ಸಮೀಕ್ಷೆಯಲ್ಲಿ ಬೇರೊಂದು ಬೆಳೆಯಿದ್ದರೆ ಅರ್ಜಿಯು ತಿರಸ್ಕೃತವಾಗುವ ಸಂಭವವುಂಟು. ಕಾಲವನ್ನೂ ಗಮನಿಸಬೇಕು. ತೊಗರಿಯು ಪುಷ್ಯದವರೆಗೆ ಹೊಲದಲ್ಲಿರುವದು. ಹೆಸರಾದರೋ ಎರಡೂವರೆ ತಿಂಗಳೊಳಗೆ ಕೊಯ್ಲಾಗುವದು. ತಡಮಾಡಿದವನಿಗೆ ಹೆಸರಿನ ಚಿತ್ರವು ಸಿಕ್ಕದು.

ತಾವಾಗಿ ಸಮೀಕ್ಷೆ ಮಾಡದವರ ಹೊಲಗಳಿಗೆ ಇದಕ್ಕಾಗಿಯೇ ನೇಮಿತರಾದ ಗ್ರಾಮದ ಯುವಕರು ಹೋಗುವರು. ಆ ಸಮಯದಲ್ಲಿ ಫೋನಿಲ್ಲದ, ಓದುಬಾರದ ಸಣ್ಣ ಹಿಡುವಳಿದಾರನು ತನ್ನ ಹೊಲದಲ್ಲಿ ಹಾಜರಿದ್ದು ಎರಡೂ ಬೆಳೆಗಳನ್ನು ತೋರಿಸುವಂತೆ ಊರ ಪ್ರಮುಖರು ಮುಂಚಿತವಾಗಿ ತಿಳಿಸಬೇಕು. ಬಳಿಕ ‘ಬೆಳೆ ದರ್ಶಕ’ ಆ್ಯಪಿನಲ್ಲಿ ದಾಖಲೆಯನ್ನು ನೋಡಿ, ತಪ್ಪಿದ್ದರೆ ಅವಧಿಯೊಳಗೇ ಆಕ್ಷೇಪಣೆ ಸಲ್ಲಿಸಬೇಕು. ಭೂಮಾಲೀಕರು ತಮ್ಮ ಹೊಲದೊಡನೆ ನೆರೆಯವನ ಹೊಲವನ್ನೂ ವಿಚಾರಿಸಿದರೆ ಊರಿಗೆ ಹಿತವು.