ಹಟ್ಟಿಯ ಹಾಡಿಗೆ ಆಸರೆ ಒದಗಿದ ಬಗೆ

ಚಿತ್ರದುರ್ಗ ಜಿಲ್ಲೆ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳ, ಪಶುಪಾಲಕರಾದ ಮ್ಯಾಸನಾಯಕರ ಕುಲಕೇಂದ್ರಗಳಾದ ಕಟ್ಟೆಮನೆಗಳಲ್ಲಿ ಒಂದು. ದೇವರ ಕಾರ್ಯ, ಕುಲದ ನ್ಯಾಯ, ದನಗಳ ಪಾಲನೆ ಇವೆಲ್ಲ ಕಟ್ಟೆಮನೆಯ ಮಾತಿನಂತೆ ನಡೆದುಬಂದ ಸೀಮೆ ಇದು. ಇಲ್ಲಿನ ಕಲೆ ಬೆಳೆದದ್ದೂ ಆ ವ್ಯವಸ್ಥೆಯ ಒಳಗೇ. ಪೆಟ್ಟಿಗೆ ದೇವರು ಹೊರಟಾಗ ಉರುಮೆ ಬಡಿಯುವವರು, ಹಬ್ಬದ ರಾತ್ರಿ ಕೋಲಾಟದ ಪದ ಎತ್ತುವವರು, ಹುಲಿಯೊಡನೆ ಹೋರಾಡಿ ಮಡಿದ ಗಾದ್ರಿಪಾಲನಾಯಕನ ಕಥೆ ಹೇಳುವವರು, ಇವರಲ್ಲಿ ಯಾರೂ ತಮ್ಮನ್ನು ಕಲಾವಿದರೆಂದು ಕರೆದುಕೊಂಡವರಲ್ಲ. ಅದು ಅವರವರ ಮನೆತನಕ್ಕೂ ಕುಲದ ಬೆಡಗಿಗೂ ಬಂದ ಸೇವೆ.

ಸೇವೆಗೆ ಪ್ರತಿಫಲವೂ ಇತ್ತು. ಸುಗ್ಗಿಯ ಕಣದಲ್ಲಿ ಅಳೆದು ಕೊಡುವ ಕಾಳು, ದೇವರ ಮನೆಯ ಊಟ, ಮದುವೆಯಲ್ಲಿ ಎಲೆ ಅಡಿಕೆಯೊಂದಿಗೆ ಸಿಗುವ ಬಟ್ಟೆ ಇಂಥವೇ ಅದರ ರೂಪ. ರಾಜ್ಯದಲ್ಲೇ ತೀರ ಕಡಿಮೆ ಮಳೆ ಬೀಳುವ ಈ ಸೀಮೆಯಲ್ಲಿ ಸುಗ್ಗಿ ಕೈಕೊಟ್ಟ ವರ್ಷ ಆ ಕಾಳೂ ಇರುತ್ತಿರಲಿಲ್ಲ. ಆದರೂ ಹಾಡುವ ಸಂದರ್ಭ ಮಾತ್ರ ತಪ್ಪುತ್ತಿರಲಿಲ್ಲ. ತಾಲ್ಲೂಕಿನಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆ, ಗೌರಸಮುದ್ರದ ಮಾರಮ್ಮನ ಪರಿಷೆ, ಪುರ್ಲಹಳ್ಳಿಯಲ್ಲಿ ಕಾಡುಗೊಲ್ಲರು ನಡೆಸುವ ಕ್ಯಾತಪ್ಪನ ಪರಿಷೆ ಇವೆ. ಹಾಡುವವರಿಗೂ ಬಾರಿಸುವವರಿಗೂ ಇವೇ ವೇದಿಕೆ, ಇವೇ ಪಾಠಶಾಲೆ. ಎಳೆಯರು ಹಿರಿಯರ ಬೆನ್ನಿಗೆ ನಿಂತು ಸೊಲ್ಲು ಹಿಡಿಯುತ್ತಲೇ ಕಲಿತರು.

ಹೊರಗಿನ ಗಮನ ಮೊದಲು ಬಂದದ್ದು ಜಾನಪದ ಸಂಗ್ರಾಹಕರ ರೂಪದಲ್ಲಿ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಪ್ರಸಂಗ ಇದಕ್ಕೆ ದೊಡ್ಡ ಸಾಕ್ಷಿ. ಅಕ್ಷರ ಕಲಿಯದ ಈ ಕಾಡುಗೊಲ್ಲ ಹೆಣ್ಣುಮಗಳ ನೆನಪಿನಲ್ಲಿ ಸಾವಿರಾರು ಪದಗಳಿದ್ದವು. ಜುಂಜಪ್ಪ, ಎತ್ತಪ್ಪರಂಥ ಕುಲವೀರರ ಕಥನದಿಂದ ಸೋಬಾನೆಯವರೆಗೆ ಅದರ ಹರವು. ಕೃಷ್ಣಮೂರ್ತಿ ಹನೂರು ಅವರು ಸಿರಿಯಜ್ಜಿಯ ಹಾಡುಗಳನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಸಂಪುಟವನ್ನು ತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಜ್ಜಿಗೆ ನಾಡೋಜ ಗೌರವ ನೀಡಿತು. ಹಟ್ಟಿಯೊಳಗೆ ಎಲ್ಲರಿಗೂ ಗೊತ್ತಿದ್ದ ಅಜ್ಜಿ ನಾಡಿಗೆ ಪರಿಚಯವಾದದ್ದು ಹೀಗೆ. ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ: ಗೌರವ ಬಂದದ್ದು ಸಂಗ್ರಹವಾದ ಮೇಲೆ. ಹನೂರರಂಥವರು ಕಾಲಿಡದ ಹಟ್ಟಿಗಳಲ್ಲಿ ಅಂಥದೇ ಕಂಠಗಳು ಯಾರ ಕಿವಿಗೂ ಬೀಳದೆ ಹೋಗಿರಲೇಬೇಕು.

ಸಂಸ್ಥೆಗಳ ಮತ್ತು ಸರ್ಕಾರದ ಆಸರೆ ರೂಪುಗೊಂಡದ್ದು ಕಳೆದ ಕೆಲವು ದಶಕಗಳಲ್ಲಿ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿದರು; ಮುಂದೆ ರಾಮನಗರದ ಬಳಿ ಜಾನಪದ ಲೋಕ ಎದ್ದಿತು. 1980ರಲ್ಲಿ ಸರ್ಕಾರ ಜಾನಪದ ಮತ್ತು ಯಕ್ಷಗಾನ ಅಕಾಡೆಮಿಯನ್ನು ಸ್ಥಾಪಿಸಿತು. ಅದು ಒಡೆದು ಜಾನಪದಕ್ಕೇ ಪ್ರತ್ಯೇಕ ಅಕಾಡೆಮಿಯಾಯಿತು. ಈಚೆಗೆ ಬಯಲಾಟಕ್ಕೂ ಬಾಗಲಕೋಟೆಯಲ್ಲಿ ಒಂದು ಅಕಾಡೆಮಿ ಬಂದಿದೆ. 2011ರಲ್ಲಿ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಆರಂಭವಾಯಿತು. ಚಿತ್ರದುರ್ಗದ ಆಕಾಶವಾಣಿ ಕೇಂದ್ರ ಸುತ್ತಲಿನ ಹಳ್ಳಿಗಳ ಹಾಡುಗಾರರಿಗೆ ಧ್ವನಿಪರೀಕ್ಷೆ ನಡೆಸಿ, ಸಂಭಾವನೆ ಕೊಟ್ಟು ಹಾಡಿಸಿತು. ರೇಡಿಯೋದಲ್ಲಿ ಹಾಡಿದವರಿಗೆ ಊರಿನಲ್ಲಿ ಸಿಗುವ ಮನ್ನಣೆಯೂ ಹೆಚ್ಚಿತು.

ಇಂದು ಹಳ್ಳಿಯ ಕಲಾವಿದರಿಗೆ ಮುಖ್ಯ ದಾರಿಗಳೆಂದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಯೋಜನೆಗಳೇ. 58 ವರ್ಷ ದಾಟಿದ, ಕಷ್ಟದಲ್ಲಿರುವ ಕಲಾವಿದರಿಗೆ ಮಾಸಾಶನ ಇದೆ. ಕಾರ್ಯಕ್ರಮ ಕೊಡುವ ತಂಡಗಳಿಗೆ ಪ್ರಾಯೋಜನೆ ಇದೆ, ಸಂಘಗಳಿಗೆ ಧನಸಹಾಯ ಇದೆ. ಅರ್ಜಿಗಳು ಈಗ ಸೇವಾಸಿಂಧು ಜಾಲತಾಣದ ಮೂಲಕ ಹೋಗುತ್ತವೆ. ವಯಸ್ಸಿನ ಪುರಾವೆ, ಆದಾಯ ಪತ್ರ, ಬ್ಯಾಂಕ್ ಪುಸ್ತಕ, ಇಷ್ಟನ್ನು ಹೇಗಾದರೂ ಹೊಂದಿಸಬಹುದು. ತೊಡಕು ಬರುವುದು ಕಲಾಸೇವೆಯ ದಾಖಲೆ ಕೇಳಿದಾಗ. ಪ್ರದರ್ಶನದ ಫೋಟೊ, ಆಹ್ವಾನ ಪತ್ರಿಕೆ, ಪತ್ರಿಕಾ ತುಣುಕು ವೇದಿಕೆ ಹತ್ತಿದವರ ಬಳಿ ಮಾತ್ರ ಇರುತ್ತವೆ. ಡೊಳ್ಳಿನ ಮೇಳಕ್ಕೆ, ಬಯಲಾಟದ ತಂಡಕ್ಕೆ ಅವು ಸಿಗುತ್ತವೆ. ನಲವತ್ತು ವರ್ಷ ಸೋಬಾನೆ ಹಾಡಿದ ಹೆಂಗಸಿಗೆ ಆಹ್ವಾನ ಪತ್ರಿಕೆ ಎಲ್ಲಿಂದ ಬರಬೇಕು? ಆಕೆಯನ್ನು ಕರೆದದ್ದು ಬಾಯಿಮಾತಿನಲ್ಲಿ, ಹಾಡಿದ್ದು ಮದುವೆಯ ಚಪ್ಪರದಲ್ಲಿ. ಹೆಣ್ಣುಮಕ್ಕಳ ಹಾಡು ಮತ್ತು ದೇವರ ಮುಂದಿನ ವಾದ್ಯ, ಈ ಎರಡೂ ಹಟ್ಟಿಯ ಕಲೆಯ ತಿರುಳು; ಕಾಗದಪತ್ರದ ಕಣ್ಣಿಗೆ ಬೀಳದಿರುವುದೂ ಈ ಎರಡೇ.

ಸಂಘ ಕಟ್ಟಿಕೊಂಡರೆ ಸ್ವಲ್ಪ ಅನುಕೂಲವಾಗುತ್ತದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಮಂದಿ ಸೇರಿದರೆ ಸಾಕು. ಆದರೆ ಧನಸಹಾಯ ಬೇಕಾದರೆ ಲೆಕ್ಕಪರಿಶೋಧನೆಯ ವರದಿ ಸಿದ್ಧವಿರಬೇಕು. ಹೀಗಾಗಿ ಕಚೇರಿ ವ್ಯವಹಾರ ಬಲ್ಲ ಒಬ್ಬರಿದ್ದ ತಂಡ ಮುಂದೆ ಹೋಗುತ್ತದೆ, ಹಾಡು ಬಲ್ಲ ಹತ್ತು ಜನರ ತಂಡ ಹಿಂದೆ ಉಳಿಯುತ್ತದೆ. ಗ್ರಾಮ ಪಂಚಾಯಿತಿಯ ಮಟ್ಟದಲ್ಲೇ ಈ ಕೆಲಸಕ್ಕೆ ಒಬ್ಬರು ನೆರವಾದರೆ ಅರ್ಧ ಭಾರ ಇಳಿದಂತೆ.

ಇನ್ನೊಂದು ತೊಡಕು ಜಾತಿಪಟ್ಟಿಯದು. ನಾಯಕ ಸಮುದಾಯ 1991ರಿಂದ ಪರಿಶಿಷ್ಟ ಪಂಗಡದಲ್ಲಿ ಸ್ಪಷ್ಟವಾಗಿ ಸೇರಿದೆ. ಗಿರಿಜನ ಉಪಯೋಜನೆಯ ಹಣದಲ್ಲಿ ನಡೆಯುವ ಉತ್ಸವ, ತರಬೇತಿ, ವಾದ್ಯ ಪರಿಕರಗಳ ನೆರವು ಮ್ಯಾಸನಾಯಕರಿಗೆ ತೆರೆದಿವೆ. ಪಕ್ಕದ ಗೊಲ್ಲರಹಟ್ಟಿಯಲ್ಲಿ ಉದ್ದನೆಯ ಬಿದಿರಿನ ಗಣೆ ಊದುತ್ತ ಜುಂಜಪ್ಪನ ಕಾವ್ಯ ಹಾಡುವ ಕಾಡುಗೊಲ್ಲರಿಗೆ ಆ ಬಾಗಿಲು ತೆರೆದಿಲ್ಲ. ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ಬಹುಕಾಲದ್ದು. ಒಂದೇ ಕಾವಲಿನಲ್ಲಿ ದನ ಕಾಯ್ದು, ಪಶುಪಾಲಕ ವೀರರನ್ನೇ ಹಾಡಿದ ಎರಡು ಸಮುದಾಯಗಳಿಗೆ ಕಲೆಯ ನೆರವು ಬೇರೆ ಬೇರೆ ಲೆಕ್ಕಶೀರ್ಷಿಕೆಯಲ್ಲಿ ಬರುವುದು ಅನ್ಯಾಯ.

ನೆರೆಯ ಮೊಳಕಾಲ್ಮೂರಿನಲ್ಲಿ ಆಸರೆ ಬೇರೊಂದು ರೀತಿಯದು. ಅಲ್ಲಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅದು ಒಬ್ಬ ನೇಕಾರನ ಹೆಸರಿಗೆ ಬಂದದ್ದಲ್ಲ, ಊರಿಗೂ ಕಸುಬಿಗೂ ಬಂದದ್ದು. ಸಮುದಾಯವನ್ನು ಒಟ್ಟಾಗಿ ಗುರುತಿಸುವ ಇಂಥ ಏರ್ಪಾಡು ಹಾಡಿಗೂ ವಾದ್ಯಕ್ಕೂ ಇಲ್ಲ. ರಂಗಭೂಮಿಯ ಮಟ್ಟಿಗೆ ಜಿಲ್ಲೆಯಲ್ಲೇ ಒಂದು ಒಳ್ಳೆಯ ಮಾದರಿ ಇದೆ: ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ಶಿವಸಂಚಾರ. ಹಳ್ಳಿಯ ಹುಡುಗ ಹುಡುಗಿಯರು ಅಲ್ಲಿ ನಾಟಕ ಕಲಿತು, ಸಂಬಳ ಪಡೆದು, ನಾಡು ಸುತ್ತಿ ಆಡುತ್ತಾರೆ.

ಹಟ್ಟಿಯ ಕಲೆಗೆ ಹೆಚ್ಚು ಹೊಂದುವ ಯೋಜನೆ ಎಂದರೆ ಗುರುಶಿಷ್ಯ ಪರಂಪರೆಯದು. ಕೇಂದ್ರ ಸಂಸ್ಕೃತಿ ಸಚಿವಾಲಯ ತಂಜಾವೂರಿನ ದಕ್ಷಿಣ ವಲಯ ಸಾಂಸ್ಕೃತಿಕ ಕೇಂದ್ರದಂಥ ವಲಯ ಕೇಂದ್ರಗಳ ಮೂಲಕ ಇದನ್ನು ನಡೆಸುತ್ತದೆ. ಗುರುವಿಗೆ ತಿಂಗಳಿಗೆ 7,500 ರೂಪಾಯಿ, ಪಕ್ಕವಾದ್ಯದವರಿಗೆ 3,750, ಶಿಷ್ಯರಿಗೆ ತಲಾ 1,500 ರೂಪಾಯಿ ಗೊತ್ತುಮಾಡಿದ ಯೋಜನೆ ಇದು. ಪದ ಬಲ್ಲ ಅಜ್ಜಿ ತನ್ನ ಹಟ್ಟಿಯಲ್ಲೇ ಕೂತು ಮೊಮ್ಮಕ್ಕಳ ವಯಸ್ಸಿನವರಿಗೆ ಕಲಿಸಿ ಹಣ ಪಡೆಯಲು ಇದರಲ್ಲಿ ಅವಕಾಶವಿದೆ. ಜಾನಪದ ಅಕಾಡೆಮಿಯೂ ತರಬೇತಿ ಶಿಬಿರಗಳನ್ನು ನಡೆಸುತ್ತದೆ.

ಯಾವ ಯೋಜನೆಯ ಪಟ್ಟಿಯಲ್ಲೂ ಇಲ್ಲದ ಸಂಪನ್ಮೂಲ ಒಂದು ಉಳಿಯಿತು: ನೆಲ. ಮ್ಯಾಸನಾಯಕರ ದೇವರ ಎತ್ತುಗಳನ್ನು ಉಳುಮೆಗೆ ಹೂಡುವುದಿಲ್ಲ, ಮಾರುವುದಿಲ್ಲ. ಕಿಲಾರಿಗಳು ಅವನ್ನು ಕಾವಲಿನಲ್ಲಿ ಮೇಯಿಸುತ್ತಾರೆ. ಹಬ್ಬದ ದಿನ ಆ ಎತ್ತುಗಳು ಬಂದರೇ ಉರುಮೆಗೂ ಪದಕ್ಕೂ ಅರ್ಥ. 2010ರ ಆಸುಪಾಸಿನಲ್ಲಿ ದೊಡ್ಡಉಳ್ಳಾರ್ತಿ, ಖುದಾಪುರ, ವರವು ಕಾವಲುಗಳ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೂ ಭಾರತೀಯ ವಿಜ್ಞಾನ ಸಂಸ್ಥೆಗೂ ಹಂಚಿಕೆಯಾಗಿ ಬೇಲಿ ಎದ್ದ ಮೇಲೆ ಮೇವು ಇನ್ನಷ್ಟು ದುರ್ಲಭವಾಯಿತು. ಬರದ ವರ್ಷಗಳಲ್ಲಿ ದೇವರ ಎತ್ತುಗಳು ದಾನಿಗಳು ಕಳಿಸುವ ಹುಲ್ಲಿಗೆ ಕಾಯುವಂತಾಗಿದೆ. ಮಾಸಾಶನ ಹಾಡುವವರಿಗೆ ತಲುಪುತ್ತದೆ, ಹಾಡುವ ಸಂದರ್ಭಕ್ಕೆ ತಲುಪುವುದಿಲ್ಲ. ದೇವರ ದನಕ್ಕೆ ಮೇವು, ಕಿಲಾರಿಗೆ ನಿಯಮಿತ ಗೌರವಧನ, ಉಳಿದ ಕಾವಲಿನ ರಕ್ಷಣೆ ಇವೂ ಸಂಸ್ಕೃತಿ ಇಲಾಖೆಯ ಲೆಕ್ಕಕ್ಕೆ ಸೇರಬೇಕಾದ ಬಾಬತ್ತುಗಳೇ.