ನಂಗವಳ್ಳಿಯ ಮಗ್ಗವೂ ನೂಲಿನ ಲೆಕ್ಕವೂ

ಸೇಲಂ ಜಿಲ್ಲೆಯ ಮೆಟ್ಟೂರು ಸೀಮೆಗೆ ಸೇರಿದ ನಂಗವಳ್ಳಿಯಲ್ಲಿಯೂ ಅದರ ನೆರೆಯ ಜಲಕಂಡಾಪುರಂ, ತಾರಮಂಗಲಂಗಳ ಕಡೆಯಲ್ಲಿಯೂ ನೇಯ್ಗೆಯೆಂಬುದು ಶಾಲೆಗೆ ಹೋಗಿ ಕಲಿತ ವಿದ್ಯೆಯಲ್ಲ. ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುವ, ಚೌಡೇಶ್ವರಿಯನ್ನು ಕುಲದೇವತೆಯೆಂದು ಪೂಜಿಸುವ ಇಲ್ಲಿನ ದೇವಾಂಗ ಕುಟುಂಬಗಳಲ್ಲಿ, ಮಗು ಕಂಡಿಕೆ ಸುತ್ತುವುದರಿಂದ ಆರಂಭಿಸಿ, ಕಡಿದ ಎಳೆಗೆ ಗಂಟು ಹಾಕುವುದನ್ನು ರೂಢಿಸಿಕೊಂಡು, ಕಾಲು ಮಗ್ಗದ ತುಳಿಗೆಗೆ ಎಟುಕುವ ವಯಸ್ಸಿಗೆ ಲಾಳಿಯನ್ನು ಕೈಗೆತ್ತಿಕೊಳ್ಳುವುದೇ ಪರಂಪರೆಯಿಂದ ನಡೆದುಬಂದ ಕ್ರಮ. ಹೀಗಿರಲು, ವೃತ್ತಿಶಿಕ್ಷಣವೆಂಬುದು ಇಂಥವರಿಗೆ ಹೊಸದಾಗಿ ಕೊಡತಕ್ಕುದಾದರೂ ಏನು?

ವೃತ್ತಿ ಕೈಗೆ ಬಂದಿದ್ದರೂ ಸ್ವಾವಲಂಬನೆ ಬರಲಿಲ್ಲವೆಂಬುದನ್ನು ನೆನೆದಾಗ ಈ ಪ್ರಶ್ನೆಯ ಗಾಂಭೀರ್ಯ ತಿಳಿಯುತ್ತದೆ. ನೂಲು ಸಾಹುಕಾರನದು, ಮಾದರಿ ಸಾಹುಕಾರನದು, ನೇಯ್ದ ಬಟ್ಟೆ ಹೋಗುವುದೂ ಅವನ ಅಂಗಡಿಗೇ. ಮದುವೆಗೋ ಕಾಯಿಲೆಗೋ ತೆಗೆದುಕೊಂಡ ಮುಂಗಡವು ಕೂಲಿಯಲ್ಲಿ ಮುರಿದುಹೋಗುತ್ತಿದ್ದರೂ ಎಷ್ಟು ಮುರಿಯಿತು, ಎಷ್ಟು ಉಳಿಯಿತು ಎಂಬುದನ್ನು ಬಲ್ಲ ಪುಸ್ತಕವಿರುವುದು ಆ ಅಂಗಡಿಯಲ್ಲಿಯೇ. ಸಾಹುಕಾರರೆಲ್ಲ ವಂಚಕರೆಂದು ನಾನು ಹೇಳುತ್ತಿಲ್ಲ. ಲೆಕ್ಕವು ಒಂದೇ ಕಡೆ ಇದ್ದಾಗ ಪ್ರಾಮಾಣಿಕನ ಮಾತನ್ನೂ ನಂಬುವುದಲ್ಲದೆ ಪರೀಕ್ಷಿಸುವ ಉಪಾಯವಿರುವುದಿಲ್ಲ.

ಹತ್ತಿನೂಲಿನ ನಂಬರನ್ನೇ ನೋಡಿ. 840 ಗಜ ಉದ್ದದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುವುವೋ ಅದೇ ಆ ನೂಲಿನ ನಂಬರು. ಆದುದರಿಂದ 40ನೆಯ ನಂಬರಿನ ಒಂದು ಪೌಂಡು ನೂಲೆಂದರೆ 33,600 ಗಜ. 45 ಅಂಗುಲ ಅಗಲದ ಬಟ್ಟೆಗೆ ಅಂಗುಲಕ್ಕೆ 60 ಎಳೆಯಂತೆ 2,700 ಎಳೆಗಳನ್ನು 100 ಗಜ ಉದ್ದಕ್ಕೆ ಹಾಸಿದರೆ 2,70,000 ಗಜ ಬೇಕು, ಅಂದರೆ ಎಂಟು ಪೌಂಡಿಗಿಂತ ತುಸು ಹೆಚ್ಚು. ಇದಕ್ಕೆ ಹೊಕ್ಕುನೂಲನ್ನೂ ಪೋಲಾಗುವ ಎಳೆಯನ್ನೂ ಸೇರಿಸಿ, ಆ ದಿನದ ನೂಲಿನ ಧಾರಣೆಯಿಂದ ಗುಣಿಸಿ, ಗಂಜಿಯ ಖರ್ಚನ್ನು ಕೂಡಿಸಿದರೆ ಬಟ್ಟೆಯ ಸಾಮಗ್ರಿಯ ಅಸಲು ಗೊತ್ತಾಗುತ್ತದೆ. ಗುಣಾಕಾರ ಭಾಗಾಕಾರಗಳ ಆಚೆಗೆ ಇದರಲ್ಲಿ ಯಾವ ಗಣಿತವೂ ಇಲ್ಲ. ಆದರೂ ಮಗ್ಗದ ಕುಳಿಯಲ್ಲಿ ಕುಳಿತವನಿಗೆ ಅಭ್ಯಾಸಬಲದಿಂದ ನೂಲಿನ ಅಂದಾಜು ತಿಳಿದಿರುವಷ್ಟು ಸುಲಭವಾಗಿ ಅಸಲಿನ ಅಂದಾಜು ತಿಳಿದಿರುವುದಿಲ್ಲ. ಮನೆಯು ಕಲಿಸಲಾರದ, ಶಾಲೆಯು ಕಲಿಸಬಹುದಾದ ವಿದ್ಯೆ ಇದು.

ಇದನ್ನು ತಿರುಗುಮುರುಗಾಗಿ ಗ್ರಹಿಸಿದುದರ ಪರಿಣಾಮವನ್ನು ಈ ಸೀಮೆಯವರೇ ಆದ ರಾಜಾಜಿಯವರ ಯೋಜನೆಯಲ್ಲಿ ಕಾಣಬಹುದು. ಅಂದಿನ ಸೇಲಂ ಜಿಲ್ಲೆಯ ತೊರಪ್ಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿಯೂ ಪುರಸಭೆಯ ಅಧ್ಯಕ್ಷರಾಗಿಯೂ ಇದ್ದ ಅವರು, ಮದರಾಸಿನ ಮುಖ್ಯಮಂತ್ರಿಗಳಾಗಿ 1953ರಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಗಳ ಪಾಠದ ಹೊತ್ತನ್ನು ಮೂರು ಗಂಟೆಗೆ ಇಳಿಸಿ, ಉಳಿದ ವೇಳೆಯಲ್ಲಿ ಮಕ್ಕಳು ತಂದೆತಾಯಿಗಳ ಕಸುಬನ್ನು ಕಲಿಯಲೆಂದರು. ‘ಕುಲಕಲ್ವಿ’ (ಕುಲಕಸುಬಿನ ಶಿಕ್ಷಣ) ಎಂದು ಜರಿದು ದ್ರಾವಿಡ ಚಳವಳಿಯ ನಾಯಕ ಪೆರಿಯಾರರೂ ಅವರ ಅನುಯಾಯಿಗಳೂ ಎಬ್ಬಿಸಿದ ವಿರೋಧವು ಪ್ರಚಂಡವಾಯಿತು. 1954ರಲ್ಲಿ ರಾಜಾಜಿಯವರು ಅಧಿಕಾರ ಬಿಟ್ಟರು, ಅವರ ತರುವಾಯ ಬಂದ ಕಾಮರಾಜರು ಯೋಜನೆಯನ್ನು ಕೈಬಿಟ್ಟರು. ಕೈಕೆಲಸಕ್ಕೆ ಗೌರವ ತರಬೇಕೆಂಬ ರಾಜಾಜಿಯವರ ಆಶಯವನ್ನು ಶಂಕಿಸಬೇಕಾಗಿಲ್ಲ. ಆದರೆ ವಿರೋಧಿಗಳ ಪಕ್ಷವೇ ನ್ಯಾಯವಾದುದೆಂದು ನನ್ನ ಅಭಿಪ್ರಾಯ. ನೇಕಾರನ ಮಗ ಮಗ್ಗವನ್ನು ಹೇಗೂ ಕಲಿಯುತ್ತಿದ್ದ. ಅವನಿಗೆ ಕೊರತೆಯಾಗಿದ್ದುದು ಕಡಿಮೆಮಾಡಲು ಹೊರಟ ಆ ಪಾಠದ ಹೊತ್ತೇ.

ಕೆಲವೇ ವರ್ಷಗಳ ಮೇಲೆ, 1960ರಲ್ಲಿ, ಸೇಲಂನಲ್ಲಿಯೇ ಕೈಮಗ್ಗ ತಂತ್ರಜ್ಞಾನದ ಕೇಂದ್ರೀಯ ಸಂಸ್ಥೆ ನೆಲೆಗೊಂಡಿತು. ಅಲ್ಲಿ ಮೂರು ವರ್ಷ ಕಲಿತು ಡಿಪ್ಲೊಮಾ ಪಡೆದವರಿಗೆ ಸಹಕಾರ ಸಂಘ, ಗಿರಣಿ, ಸರಕಾರಿ ಇಲಾಖೆಗಳಲ್ಲಿ ಉದ್ಯೋಗದ ದಾರಿಯುಂಟು. ಊರಲ್ಲೇ ಉಳಿದು ಸ್ವಂತ ಮಗ್ಗ ನಡೆಸಬಯಸುವವನ ಅಗತ್ಯವಾದರೋ ಬೇರೆಯೇ.

ಅದಕ್ಕೆ ತಕ್ಕ ನಿದರ್ಶನವು ದೊರೆಯುವುದು ದಕ್ಷಿಣ ಕನ್ನಡದ ಉಜಿರೆಯಲ್ಲಿ. ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರ ಪ್ರೇರಣೆಯಿಂದ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯು ನಿರುದ್ಯೋಗಿ ಯುವಕರಿಗೆ ಊಟ ವಸತಿ ಸಹಿತವಾಗಿ, ಶುಲ್ಕವಿಲ್ಲದೆ, ಅಲ್ಪಾವಧಿಯ ತರಬೇತಿ ಕೊಡುತ್ತ ಬಂದಿದೆ. ಅಲ್ಲಿ ಕಸುಬಿನ ಜತೆಗೆ ಪೇಟೆಯನ್ನು ವಿಚಾರಿಸುವುದು, ಅಸಲು ಕಟ್ಟುವುದು, ಖಾತೆ ಬರೆಯುವುದು, ಬ್ಯಾಂಕಿಗೆ ಸಾಲದ ಅರ್ಜಿ ಹಾಕುವುದು ಇವೂ ಪಾಠಗಳೇ. ತರಬೇತಿ ಮುಗಿದ ಮೇಲೂ ಅಭ್ಯರ್ಥಿಯ ಬೆನ್ನು ಹಿಡಿದು ವಿಚಾರಿಸುವ ಪದ್ಧತಿಯುಂಟು. ಜಿಲ್ಲೆಗೊಂದು ಸ್ವ-ಉದ್ಯೋಗ ತರಬೇತಿ ಸಂಸ್ಥೆಯನ್ನು ಬ್ಯಾಂಕುಗಳ ಮೂಲಕ ತೆರೆಯಬೇಕೆಂದು ಕೇಂದ್ರ ಸರಕಾರ ಮುಂದೆ ಹಾಕಿಕೊಂಡ ಯೋಜನೆಗೆ ಇದೇ ಮಾದರಿಯಾಯಿತು.

ಅಸಲು ಕಟ್ಟುವ ಈ ಅಭ್ಯಾಸವನ್ನು ನಂಗವಳ್ಳಿಯ ಮಗ್ಗಕ್ಕೆ ಅನ್ವಯಿಸಿದರೆ ಮೊದಲು ತಿದ್ದಬೇಕಾಗುವುದು ಮನೆಯೊಳಗಿನ ಲೆಕ್ಕವನ್ನೇ. ನೇಯ್ದ ಗಜಕ್ಕೋ ಸೀರೆಗೋ ಇಷ್ಟೆಂದು ಗೊತ್ತಾಗುವ ಕೂಲಿಯನ್ನು ಎಣಿಸಿಕೊಳ್ಳುವವನು ಗಂಡಸು. ನೂಲು ಬಿಡಿಸಿ, ರಾಟೆ ತಿರುಗಿಸಿ, ಕಂಡಿಕೆ ತುಂಬಿ ಕೊಟ್ಟ ಹೆಂಡತಿಯ, ಅತ್ತೆಯ, ಶಾಲೆಯಿಂದ ಬಂದ ಮಗಳ ದುಡಿಮೆ ಅದರಲ್ಲಿಯೇ ಅಡಗಿಹೋಗುತ್ತದೆ. ಅವರ ಹೊತ್ತಿಗೆ ಬೇರೆ ಬೆಲೆ ಕಟ್ಟಿ ಅಸಲಿಗೆ ಸೇರಿಸಿದವನು, ಲಾಭವೆಂದು ತಾನು ಎಣಿಸಿದ್ದುದು ಬಹುಮಟ್ಟಿಗೆ ಅವರಿಗೆ ಸಲ್ಲಬೇಕಾದ ಕೂಲಿಯೇ ಎಂಬುದನ್ನು ಕಾಣುತ್ತಾನೆ. ಮುಂದಿನ ನೇಯ್ಗೆಗೆ ಎಷ್ಟು ಕೂಲಿ ಕೇಳಬೇಕೆಂಬುದೂ ಆಗಲೇ ಅವನಿಗೆ ನಿಶ್ಚಯವಾಗುವುದು.