ದೇವರಮನೆಯ ಒಂದು ಮೂಟೆ: ಕೋಡ್ ಬರೆಯೋ ಮೊದಲು ನಾನು ಕೇಳದ ಪ್ರಶ್ನೆಗಳು

ಇವತ್ತಿನ ವಿಷಯದ ಹೆಸರು ಕೇಳಿದ್ರೆ ನಿದ್ದೆ ಬರಬಹುದು: ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್. ಸಾಫ್ಟ್‌ವೇರ್ ಏನು ಮಾಡಬೇಕು, ಯಾರಿಗಾಗಿ ಮಾಡಬೇಕು, ಯಾವ ಮಿತಿಯೊಳಗೆ ಮಾಡಬೇಕು ಅನ್ನೋದನ್ನ ಮೊದಲು ಕಂಡುಕೊಂಡು, ಬರೆದಿಟ್ಟು, ಸರಿಯಿದೆಯಾ ಅಂತ ನೋಡಿ, ಬದಲಾದ ಹಾಗೆ ತಿದ್ದುತ್ತಾ ಹೋಗೋ ಕೆಲಸ. ಅಷ್ಟೇ. ಆ ಅಷ್ಟನ್ನೂ ಮಾಡದೆ ನಾನು ಒಬ್ಬ ಹೆಂಗಸಿನ ವಾರದ ಕೂಲಿಯನ್ನ ಸೊನ್ನೆ ಮಾಡಿದ್ದೆ. ಅಲ್ಲಿಂದಲೇ ಶುರು ಮಾಡ್ತೀನಿ.

ಚಿಕ್ಕಪ್ಪನ ಕಾಫಿ ತೋಟ ಇರೋದು ಮೂಡಿಗೆರೆ ತಾಲ್ಲೂಕಿನ ದೇವರಮನೆ ಹತ್ರ. ರೀಲ್ಸ್‌ನಲ್ಲಿ ನೋಡಿರ್ತೀರಿ: ಕಾಲಭೈರವೇಶ್ವರ ದೇವಸ್ಥಾನ, ಸುತ್ತ ಹಸಿರು ಗುಡ್ಡ, ಮಂಜು. ರೀಲ್ಸ್‌ನಲ್ಲಿ ಕಾಣದೇ ಇರೋದು ಕೊಯ್ಲಿನ ಕಾಲದ ಸಂಜೆ. ಹಣ್ಣು ಕೊಯ್ದವರು ಸಾಲಾಗಿ ನಿಂತಿರ್ತಾರೆ, ತೋಟದ ರೈಟ್ರು ಒಂದೊಂದೇ ಮೂಟೆ ತೂಗಿ ಪುಸ್ತಕದಲ್ಲಿ ಬರ್ಕೊಳ್ತಾರೆ. ವಾರಕ್ಕೊಮ್ಮೆ ಬಟವಾಡೆ.

ಚಿಕ್ಕಪ್ಪ ಒಂದ್ಸಲ ಫೋನ್ ಮಾಡಿ, ‘ನೀನು ಸಾಫ್ಟ್‌ವೇರ್ ಅಲ್ವೇನೋ, ಹಣ್ಣಿನ ಲೆಕ್ಕಕ್ಕೆ ಒಂದು ಆ್ಯಪ್ ಮಾಡ್ಕೊಡೋ. ಯಾರು ಎಷ್ಟು ಮೂಟೆ ಕೊಯ್ದ್ರು ಅಂತ ಗೊತ್ತಾದ್ರೆ ಸಾಕು’ ಅಂದ್ರು. ರೈಟ್ರ ಪುಸ್ತಕದ ಒಂದು ಪುಟದ ಫೋಟೊನೂ ವಾಟ್ಸ್ಆ್ಯಪ್‌ಗೆ ಬಂತು. ಎರಡು ವಾರಾಂತ್ಯ ಕೂತೆ. ಹೆಸರು ಒತ್ತಿ, ಮೂಟೆ ಎಷ್ಟು ಅಂತ ಹಾಕಿ, ಸೇವ್ ಮಾಡಿ. ನೋಡೋಕೆ ಚೆನ್ನಾಗೇ ಇತ್ತು.

ಮೊದಲ ಬಟವಾಡೆಯಲ್ಲಿ ಒಂದು ಮನೆಯ ಅತ್ತೆ ಹೆಸರಲ್ಲಿ ದೊಡ್ಡ ಮೊತ್ತ ಬಂತು, ಸೊಸೆ ಹೆಸರಲ್ಲಿ ಸೊನ್ನೆ. ಇಬ್ಬರೂ ಒಂದೇ ಸಾಲಲ್ಲಿ ಕೊಯ್ದು ಒಂದೇ ಮೂಟೆಗೆ ತುಂಬ್ತಾರೆ. ನನ್ನ ಆ್ಯಪ್‌ನಲ್ಲಿ ಒಂದು ಮೂಟೆಗೆ ಒಂದೇ ಹೆಸರು. ರೈಟ್ರು ಪಾಪ, ಮೊದಲು ಕಂಡ ಹೆಸರು ಒತ್ತಿದ್ರು. ಸೊಸೆ ಜಗಲಿ ಹತ್ರ ನಿಂತು, ‘ಸಂಘದ ಕಂತು ಕಟ್ಬೇಕಿತ್ತು ಸಾರ್’ ಅಂದ್ಲು. ಬೇರೇನೂ ಹೇಳಲಿಲ್ಲ. ಆಮೇಲೆ ಆ ಫೋಟೊ ಮತ್ತೆ ತೆಗೆದು ನೋಡಿದೆ. ಎರಡು ಹೆಸರನ್ನ ಸೇರಿಸಿ ಪಕ್ಕದಲ್ಲಿ ಒಂದು ಬ್ರಾಕೆಟ್ ಎಳೆದಿತ್ತು. ನಾನು ಅದನ್ನ ಗೀಚಿದ್ದು ಅಂದ್ಕೊಂಡಿದ್ದೆ. ಅದರ ಅರ್ಥ ‘ಇಬ್ಬರಿಗೂ ಅರ್ಧರ್ಧ’.

ಚಿಕ್ಕಪ್ಪ ಸುಳ್ಳು ಹೇಳಿರಲಿಲ್ಲ. ಅವರು ಹೇಳಿದ್ದು ಅವರಿಗೆ ಏನು ಬೇಕು ಅಂತ. ಅದು ರಿಕ್ವೈರ್‌ಮೆಂಟ್ ಹುಡುಕೋ ಕೆಲಸದ ಆರಂಭ, ಕೊನೆ ಅಲ್ಲ. ಆ್ಯಪ್ ಮುಟ್ಟೋರು ರೈಟ್ರು. ಅದನ್ನ ಮುಟ್ಟದೇ ಇದ್ರೂ ಅದರಿಂದ ಕೂಲಿ ಪಡೆಯೋರು ಕೊಯ್ಯೋ ಹೆಂಗಸರು. ಈ ಕ್ಷೇತ್ರದಲ್ಲಿ ಇವರೆಲ್ಲರಿಗೂ ಸ್ಟೇಕ್‌ಹೋಲ್ಡರ್ ಅಂತಾರೆ. ನಾನು ಮಾತಾಡಿದ್ದು ಒಬ್ಬರ ಹತ್ರ, ಅದೂ ಫೋನಲ್ಲಿ.

ಇನ್ನು ‘ಮೂಟೆ’ ಅನ್ನೋ ಪದ. ನಮ್ಮ ಕಡೆ ಕಾಫಿ ಮಾರುವಾಗ ಮೂಟೆ ಅಂದ್ರೆ 50 ಕೆಜಿ. ಅಂತರರಾಷ್ಟ್ರೀಯ ಕಾಫಿ ಅಂಕಿಅಂಶದಲ್ಲಿ ಮೂಟೆ ಅಂದ್ರೆ 60 ಕೆಜಿ. ತೋಟದಲ್ಲಿ, ಹಸಿ ಹಣ್ಣು ತುಂಬಿದ ಚೀಲ ಎಷ್ಟೇ ತೂಗಲಿ, ಅದೂ ಮೂಟೆ. ರೈಟ್ರು ಪುಸ್ತಕದಲ್ಲಿ ಬರೀತಿದ್ದದ್ದು ಕೆಜಿ. ನಾನು ಮೂಟೆ ಕೇಳಿದ್ದಕ್ಕೆ ಅವರು ಅಂದಾಜಲ್ಲಿ ಒಂದು ಸಂಖ್ಯೆ ಹಾಕ್ತಿದ್ರು.

ನಗಬೇಡಿ, ದೊಡ್ಡವರೂ ಹೀಗೆ ಎಡವಿದ್ದಾರೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳದ ಹತ್ರ ಹೋಗಿ ನಾಶವಾಯ್ತು. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡ್ತಿತ್ತು, ಇನ್ನೊಂದು ಅದನ್ನ ನ್ಯೂಟನ್ ಅಂತ ಓದ್ತಿತ್ತು. ನ್ಯೂಟನ್‌ನಲ್ಲೇ ಕೊಡಬೇಕು ಅಂತ ಬರೆದೂ ಇತ್ತು. ಹಾಗೇ ಬರ್ತಿದೆಯಾ ಅಂತ ಸರಿಯಾಗಿ ಪರೀಕ್ಷೆ ಆಗಿರಲಿಲ್ಲ. ಹಾಗಾಗಿ ಬರೆದಿಟ್ಟರೆ ಮಾತ್ರ ಸಾಲದು.

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ, ಚಿಕ್ಕಪ್ಪನ ಬೀರುವಿನಲ್ಲೂ ಅದರ ಪ್ರತಿ ಇದೆ: ಪಹಣಿ. ಕರ್ನಾಟಕದಲ್ಲಿ ಭೂ ದಾಖಲೆಯನ್ನ ಕಂಪ್ಯೂಟರಿಗೆ ಹಾಕೋ ಪ್ರಯತ್ನ ಪ್ರಾಯೋಗಿಕವಾಗಿ ಶುರುವಾಗಿದ್ದು 1991ರಲ್ಲಿ, ಗುಲ್ಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಯ್ತು. ಆದ್ರೆ ದಾಖಲೆ ದಿನಾ ಬದಲಾಗೋದು ತಾಲ್ಲೂಕಲ್ಲಿ, ಅಲ್ಲಿ ಕಂಪ್ಯೂಟರ್ ಇಡೋ ಏರ್ಪಾಡೇ ಇರಲಿಲ್ಲ. ಜಮೀನು ಮಾರಾಟ ಆಗುತ್ತೆ, ಅಪ್ಪನಿಂದ ಮಗಳಿಗೆ ಬರುತ್ತೆ, ಕಂಪ್ಯೂಟರ್‌ನಲ್ಲಿ ಮಾತ್ರ ಹಳೇ ಹೆಸರೇ. ಕೆಲಸ ನಡೆಯೋ ಜಾಗಕ್ಕೆ ಹೋಗಿ ನೋಡು ಅನ್ನೋದಕ್ಕೆ ಇದಕ್ಕಿಂತ ದುಬಾರಿ ಪಾಠ ನನಗೆ ಗೊತ್ತಿಲ್ಲ.

ಆಮೇಲೆ ಬಂದಿದ್ದು ರಾಜೀವ್ ಚಾವ್ಲಾ ಅನ್ನೋ ಐಎಎಸ್ ಅಧಿಕಾರಿಯ ನೇತೃತ್ವದ ‘ಭೂಮಿ’. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ. ಈ ಸಲ ಕಂಪ್ಯೂಟರ್ ತಾಲ್ಲೂಕು ಕಚೇರಿಗೇ ಬಂತು, 15 ರೂಪಾಯಿಗೆ ಪಹಣಿ. ಖಾತೆ ಬದಲಾವಣೆಯ ಅರ್ಜಿಗಳನ್ನ ಬಂದ ಸರದಿಯಲ್ಲೇ ತಗೋಬೇಕು, ದಾಖಲೆ ತಿದ್ದೋ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ನನಗೆ ತುಂಬಾ ಇಷ್ಟವಾಗಿದ್ದು ಇನ್ನೊಂದು: ಕೌಂಟರ್‌ನಲ್ಲಿ ಎರಡನೇ ಪರದೆ, ಅದರ ಮುಖ ರೈತನ ಕಡೆಗೆ. ಒಳಗೆ ಏನು ಟೈಪ್ ಆಗ್ತಿದೆ ಅಂತ ಅವನಿಗೂ ಕಾಣಬೇಕು. ‘ವ್ಯವಸ್ಥೆ ಪಾರದರ್ಶಕವಾಗಿರಬೇಕು’ ಅಂತ ಬರೆದ್ರೆ ಅದು ಭಾಷಣ. ‘ರೈತನಿಗೆ ಕಾಣೋ ಹಾಗೆ ಎರಡನೇ ಪರದೆ ಇರಬೇಕು’ ಅಂದ್ರೆ ರಿಕ್ವೈರ್‌ಮೆಂಟ್, ಇದೆಯೋ ಇಲ್ವೋ ಅಂತ ಹೋಗಿ ನೋಡಬಹುದು. ಭೂಮಿಗೆ ಟೀಕೆಯೂ ಬಂದಿದೆ. 2007ರಲ್ಲಿ ಸೊಲೊಮನ್ ಬೆಂಜಮಿನ್ ಮತ್ತು ಜೊತೆಗಾರರು, ಬೆಂಗಳೂರಿನ ಸುತ್ತ ಇದರಿಂದ ದೊಡ್ಡ ಖರೀದಿದಾರರಿಗೇ ಹೆಚ್ಚು ಅನುಕೂಲ ಆಯ್ತು ಅಂತ ವಾದಿಸಿದ್ರು. ಯಾರ ಅಗತ್ಯ ಪಟ್ಟಿಗೆ ಸೇರುತ್ತೆ, ಯಾರದ್ದು ಸೇರಲ್ಲ ಅನ್ನೋ ಪ್ರಶ್ನೆ ಅಲ್ಲೂ ಇತ್ತು.

ಮತ್ತೆ ತೋಟಕ್ಕೆ ಬರೋಣ. ಎರಡನೇ ಸಲ ನಾನು ಲ್ಯಾಪ್‌ಟಾಪ್ ಬಿಟ್ಟು ಹೋದೆ. ಮೂರು ಸಂಜೆ ರೈಟ್ರ ಪಕ್ಕ ಸುಮ್ಮನೆ ನಿಂತೆ. ತೂಗೋ ಜಾಗದಲ್ಲಿ ನೆಟ್‌ವರ್ಕ್ ಇಲ್ಲ. ಅವರ ಕೈ ಒದ್ದೆ, ಹಣ್ಣಿನ ಅಂಟು ಬೇರೆ, ಪರದೆ ಮಾತೇ ಕೇಳಲ್ಲ. ಕತ್ತಲಾಗೋ ಮೊದಲು ಎಲ್ಲರ ತೂಕ ಮುಗೀಬೇಕು. ‘ತೂಕ ದಾಖಲಾಗಬೇಕು’ ಅನ್ನೋದು ಫಂಕ್ಷನಲ್, ಅಂದ್ರೆ ಏನು ಮಾಡಬೇಕು ಅನ್ನೋದು. ಎಂಥಾ ಪರಿಸ್ಥಿತಿಯಲ್ಲಿ, ಎಷ್ಟು ಚೆನ್ನಾಗಿ ಅನ್ನೋದು ನಾನ್-ಫಂಕ್ಷನಲ್. ನಾನು ಬರ್ಕೊಂಡಿದ್ದು ಹೀಗೆ: ನೆಟ್‌ವರ್ಕ್ ಇಲ್ಲದಿದ್ರೂ, ಒದ್ದೆ ಕೈಯಲ್ಲೂ, ಒಂದು ತೂಕ ದಾಖಲಿಸೋಕೆ 10 ಸೆಕೆಂಡ್ ಮೀರಬಾರದು. ‘ಆ್ಯಪ್ ಬೇಗ ಕೆಲಸ ಮಾಡಬೇಕು’ ಅಂತ ಬರೆದಿದ್ರೆ ನಾನೂ ಚಿಕ್ಕಪ್ಪನೂ ಅದರ ಮೇಲೆ ವರ್ಷಗಟ್ಟಲೆ ಜಗಳ ಆಡಬಹುದಿತ್ತು.

ಇನ್ನೊಂದು ಆಗ ಗೊತ್ತಾಯ್ತು: ಕೊಯ್ಲಿನ ಕೊನೆಗೆ ಗಿಡದಲ್ಲಿ ಹಣ್ಣು ಕಮ್ಮಿಯಾದಾಗ ನಮ್ಮ ತೋಟದಲ್ಲಿ ಕೆಜಿ ಲೆಕ್ಕ ನಿಲ್ಲಿಸಿ ದಿನಗೂಲಿ ಕೊಡ್ತಾರೆ. ಇದನ್ನ ಯಾಕೆ ಮೊದಲೇ ಹೇಳಲಿಲ್ಲ ಅಂದ್ರೆ ಚಿಕ್ಕಪ್ಪ, ‘ಅದು ಎಲ್ಲರಿಗೂ ಗೊತ್ತಿರೋದಲ್ವೇನೋ!’

ಒಟ್ಟು 14 ಸಾಲು ಆಯ್ತು, ಎಲ್ಲಾ ಕನ್ನಡದಲ್ಲೇ. ಕೋಡ್ ಮುಟ್ಟೋ ಮೊದಲು ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿದೆ. ಇದಕ್ಕೆ ವ್ಯಾಲಿಡೇಶನ್ ಅಂತಾರೆ. ‘ತೂಕ ಆದ ತಕ್ಷಣ ಕೊಯ್ದವರ ಫೋನಿಗೆ ಮೆಸೇಜ್ ಹೋಗಬೇಕು’ ಅನ್ನೋ ಸಾಲಿಗೆ ಬಂದಾಗ ಆ ಸೊಸೆ ನಿಧಾನಕ್ಕೆ, ‘ನಂಗೆ ಫೋನಿಲ್ಲ ಸಾರ್. ಮನೇಲಿರೋ ಒಂದು ಫೋನು ಅವರ ಹತ್ರ ಇರ್ತದೆ’ ಅಂದ್ಲು.

ಆ ಸಾಲು ಹೊಡೆದು ‘ಪ್ರತಿಯೊಬ್ಬರ ಕೈಗೂ ಅವರವರ ಹೆಸರಿನ ಚೀಟಿ’ ಅಂತ ಬರೆದೆ. ಬಸ್ ಕಂಡಕ್ಟರ್ ಹತ್ರ ಇರುತ್ತಲ್ಲ, ಅಂಥದ್ದೇ ಒಂದು ಸಣ್ಣ ಪ್ರಿಂಟರ್ ತರಿಸಿದ್ದೀವಿ. ಈ ಕೊಯ್ಲಿಗೆ ಅದರ ಪರೀಕ್ಷೆ. ರೈಟ್ರ ಪುಸ್ತಕ ಇನ್ನೂ ಅವರ ಕಂಕುಳಲ್ಲೇ ಇದೆ, ಇರಲಿ ಅಂತ ನಾನೇ ಹೇಳಿದ್ದೀನಿ.